ಕಾಗದ, ಪರದೆ, ಕಿವಿ: ಯಾವ ಪುಸ್ತಕಕ್ಕೆ ಯಾವುದು ಸರಿ?

2016ರ ಡಿಸೆಂಬರ್‌ನಲ್ಲಿ ಅಮೆಜಾನ್ ಕಂಪನಿ ತನ್ನ ಕಿಂಡಲ್ ಇ-ಪುಸ್ತಕದ ಅಂಗಡಿಗೆ ಭಾರತದ ಐದು ಭಾಷೆಗಳ ಪುಸ್ತಕಗಳನ್ನು ತಂದಿತು. ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. 2011ರ ಜನಗಣತಿಯಲ್ಲಿ 4 ಕೋಟಿ 37 ಲಕ್ಷ ಜನ ತಾಯ್ನುಡಿ ಎಂದು ಬರೆಸಿದ ಭಾಷೆ ಇದು. ಇದಕ್ಕಿಂತ ಕಡಿಮೆ ಜನ ಆಡುವ ಮಲಯಾಳಕ್ಕೆ ಸಿಕ್ಕ ಜಾಗ ಇದಕ್ಕೆ ಸಿಗಲಿಲ್ಲ. ಆಗ ಬಹಳ ಮಂದಿ ಬೇಸರಪಟ್ಟರು, ಕೆಲವರು ಬೇರೆ ದಾರಿ ಹುಡುಕಿದರು.

ಆ ಹುಡುಕಾಟದ ಫಲ ಈಗ ಮೊಬೈಲಿನಲ್ಲೇ ಕಾಣುತ್ತದೆ. 2020ರಲ್ಲಿ ಶುರುವಾದ ಮೈಲ್ಯಾಂಗ್ ಬುಕ್ಸ್ ಕನ್ನಡದ ಇ-ಪುಸ್ತಕ, ಆಡಿಯೊ ಪುಸ್ತಕಗಳನ್ನೇ ಮುಖ್ಯವಾಗಿಟ್ಟುಕೊಂಡು ಬೆಳೆಯಿತು. 2014ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪ್ರತಿಲಿಪಿಯಲ್ಲಿ ಹೊಸಬರು ಧಾರಾವಾಹಿ ಬರೆದು ನೇರವಾಗಿ ಓದುಗರಿಗೆ ಮುಟ್ಟಿಸುತ್ತಿದ್ದಾರೆ. ಸ್ವೀಡನ್ನಿನ ಸ್ಟೋರಿಟೆಲ್‌ನಲ್ಲಿ ಕನ್ನಡ ಕಾದಂಬರಿಗಳನ್ನು ಕೇಳಬಹುದು. ಇಂಟರ್ನೆಟ್ ಆರ್ಕೈವ್ ಎಂಬ ಜಾಲತಾಣದಲ್ಲಿ, ಎಷ್ಟೋ ದಶಕಗಳಿಂದ ಅಂಗಡಿಯಲ್ಲಿ ಸಿಗದ ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳನ್ನು ಸ್ವಯಂಸೇವಕರು ತಾಳ್ಮೆಯಿಂದ ಏರಿಸುತ್ತಿದ್ದಾರೆ. ಅಂದರೆ ಸಿಗುವುದಿಲ್ಲ ಎಂಬ ದೂರು ಅರ್ಧ ಕಡಿಮೆಯಾಗಿದೆ. ಉಳಿದಿರುವುದು ರುಚಿಯ ಪ್ರಶ್ನೆ. ಅಚ್ಚಾದ ಪುಸ್ತಕ ಕೊಡುವ ಸುಖ ಇವುಗಳಲ್ಲಿ ಸಿಗುತ್ತದೆಯೇ?

ಮೊದಲು ಪರದೆಯ ಮಾತು. ಕಿಂಡಲ್‌ನಂಥ ಸಾಧನದ ಪರದೆಗೂ ಮೊಬೈಲಿನ ಪರದೆಗೂ ಅಜಗಜಾಂತರ. ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯ ಪ್ರಯೋಗಾಲಯದಿಂದ ಹೊರಬಂದವರು 1997ರಲ್ಲಿ ಕಟ್ಟಿದ ಇ-ಇಂಕ್ ಕಂಪನಿಯ ತಂತ್ರ ಕಿಂಡಲ್ ಪರದೆಯ ಹಿಂದಿದೆ. ಪರದೆಯ ಒಳಗೆ ಕೂದಲೆಳೆಯಷ್ಟು ಸಣ್ಣ ಗುಳಿಗೆಗಳು, ಒಂದೊಂದರಲ್ಲೂ ಕಪ್ಪು ಮತ್ತು ಬಿಳಿ ಕಣಗಳು. ವಿದ್ಯುತ್ ಹರಿಸಿದಾಗ ಒಂದು ಬಣ್ಣದ ಕಣ ಮೇಲೆ ಬರುತ್ತದೆ, ಇನ್ನೊಂದು ಕೆಳಗಿಳಿಯುತ್ತದೆ. ಪುಟ ತಿರುವುವಾಗ ಮಾತ್ರ ವಿದ್ಯುತ್ ಬೇಕು. ಅಕ್ಷರ ಮೂಡಿದ ಮೇಲೆ ಅದು ಕಾಗದದ ಮೇಲಿನ ಶಾಯಿಯಂತೆ ಸುಮ್ಮನೆ ಕೂತಿರುತ್ತದೆ, ಬಿಸಿಲಲ್ಲೂ ಓದಬಹುದು. ಕನ್ನಡದ ಓದುಗರಲ್ಲಿ ಬಹುಪಾಲು ಜನರ ಕೈಯಲ್ಲಿರುವುದು ಮಾತ್ರ ಮೊಬೈಲು. ಅಲ್ಲಿ ಕಾದಂಬರಿಯ ನಾಯಕಿ ಕಣ್ಣೀರಿಡುವ ಹೊತ್ತಿಗೇ ವಾಟ್ಸಾಪ್ ಗುಂಪಿನಿಂದ ಶುಭೋದಯ ಬಂದು ಬೀಳುತ್ತದೆ.

ಅದಕ್ಕಿಂತ ದೊಡ್ಡ ತೊಡಕು ಕಡತದ್ದು. ಕನ್ನಡದಲ್ಲಿ ಇ-ಪುಸ್ತಕ ಎಂದು ಹರಿದಾಡುವುದರಲ್ಲಿ ಎಷ್ಟೋ ಪಾಲು ಬರೀ ಪಿಡಿಎಫ್. ಡೆಮಿ ಆಕಾರದ ಪುಟವನ್ನು ಅಂಗೈಯಗಲದ ಪರದೆಗೆ ತುರುಕಿದರೆ ಅಕ್ಷರ ಇರುವೆ ಸಾಲಾಗುತ್ತದೆ. ಹಿಗ್ಗಿಸಿದರೆ ಸಾಲಿನ ಕೊನೆ ಪರದೆಯಾಚೆ ಹೋಗುತ್ತದೆ. ಎಡಕ್ಕೆ ಬಲಕ್ಕೆ ಎಳೆದಾಡುತ್ತ ಓದಿದವರು ಎರಡನೇ ಅಧ್ಯಾಯಕ್ಕೆ ಕೈಬಿಟ್ಟು, ಇ-ಪುಸ್ತಕವೇ ನಮಗೆ ಆಗಿಬರುವುದಿಲ್ಲ ಎನ್ನುತ್ತಾರೆ. ತಪ್ಪು ಮಾಧ್ಯಮದ್ದಲ್ಲ. ಇಪಬ್ ಎಂಬ ಬಗೆಯ ಕಡತದಲ್ಲಿ ಅಕ್ಷರ ದೊಡ್ಡದು ಮಾಡಿದಂತೆಲ್ಲ ಸಾಲುಗಳು ತಾವಾಗಿ ಮುರಿದು ಪರದೆಗೆ ಹೊಂದಿಕೊಳ್ಳುತ್ತವೆ. ಅದಕ್ಕೆ ಪಠ್ಯ ಯೂನಿಕೋಡ್ ಎಂಬ ಅಕ್ಷರಸಂಕೇತದಲ್ಲಿರಬೇಕು, ಅಷ್ಟೇ. 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನವಿದೆ. ಆದರೆ ನಮ್ಮ ಡಿಟಿಪಿ ಅಂಗಡಿಗಳು ದಶಕಗಟ್ಟಲೆ ನುಡಿ, ಬರಹ, ಶ್ರೀಲಿಪಿಯ ಹಳೆಯ ಫಾಂಟುಗಳಲ್ಲೇ ಪುಸ್ತಕ ಕಟ್ಟಿದವು. ಆ ಕಡತಗಳನ್ನು ಯೂನಿಕೋಡಿಗೆ ತಿರುಗಿಸುವಾಗ ಅರ್ಕಾವೊತ್ತು ಎಲ್ಲೋ, ಒತ್ತಕ್ಷರ ಇನ್ನೆಲ್ಲೋ ಹಾರುವುದುಂಟು. ಮತ್ತೆ ಕರಡು ತಿದ್ದಬೇಕು. ಆ ಖರ್ಚಿಗೆ ಹೆದರಿದ ಪ್ರಕಾಶಕರು ಪಿಡಿಎಫ್ ಕೊಟ್ಟು ಕೈತೊಳೆದುಕೊಳ್ಳುತ್ತಾರೆ.

ಸರಿಯಾಗಿ ಮಾಡಿದ ಇ-ಪುಸ್ತಕ ಯಾರಿಗೆ ವರ ಎಂದು ಕೇಳಿದರೆ ಎಲ್ಲರೂ ಹರೆಯದವರತ್ತ ಬೆರಳು ತೋರುತ್ತಾರೆ. ನಿಜವಾಗಿ ಅದರ ಹೆಚ್ಚಿನ ಲಾಭ ಅರವತ್ತು ದಾಟಿದವರಿಗೆ. ಕನ್ನಡದ ಒತ್ತಕ್ಷರ ಸಾಲಿನ ಕೆಳಗೆ ಚಿಕ್ಕದಾಗಿ ಕೂರುತ್ತದೆ. ಪೊರೆ ಬಂದ ಕಣ್ಣಿಗೆ ಅಗ್ಗದ ಕಾಗದದ ಮೇಲಿನ ಅಚ್ಚಿನಲ್ಲಿ ಥಕ್ಕೂ ಧಕ್ಕೂ ವ್ಯತ್ಯಾಸ ಕಾಣುವುದು ಕಷ್ಟ. ಅಕ್ಷರವನ್ನು ಬೇಕಾದಷ್ಟು ಹಿಗ್ಗಿಸಬಹುದು ಎಂದಾದಾಗ ಬಿಟ್ಟುಹೋದ ಓದು ಮರಳುತ್ತದೆ. ಹೊರದೇಶದ ಕನ್ನಡಿಗರ ಲೆಕ್ಕ ಬೇರೆ: ಇನ್ನೂರು ರೂಪಾಯಿಯ ಪುಸ್ತಕ ತರಿಸಿಕೊಳ್ಳಲು ಅದಕ್ಕಿಂತ ಹೆಚ್ಚು ಅಂಚೆ ವೆಚ್ಚ ತೆರುವುದು ಅವರಿಗೆ ತಪ್ಪುತ್ತದೆ.

ಹಾಗಾದರೆ ಕಾಗದ ಸೋತಿತೇ? ಇಲ್ಲ. 2018ರಲ್ಲಿ ಸ್ಪೇನಿನ ಪಾಬ್ಲೊ ಡೆಲ್ಗಾಡೊ ಮತ್ತು ಸಂಗಡಿಗರು 54 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಅವುಗಳಲ್ಲಿ ಭಾಗವಹಿಸಿದವರು ಒಂದು ಲಕ್ಷ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ. ಮಾಹಿತಿ ಕೊಡುವ ಬರಹ ಕಾಗದದ ಮೇಲೆ ಓದಿದವರಿಗೆ ಹೆಚ್ಚು ಅರ್ಥವಾಗಿತ್ತು, ಅದರಲ್ಲೂ ಸಮಯದ ಒತ್ತಡ ಇದ್ದಾಗ. ಬರೀ ಕಥೆಯಾದರೆ ಅಂಥ ವ್ಯತ್ಯಾಸ ಕಾಣಲಿಲ್ಲ. ಮರುವರ್ಷ ನಾರ್ವೆಯ ಸಂಶೋಧಕಿ ಆನ್ ಮಾಂಗೆನ್ ಇನ್ನಷ್ಟು ಸೂಕ್ಷ್ಮವಾದುದನ್ನು ತೋರಿಸಿದರು. ಎಲಿಜಬೆತ್ ಜಾರ್ಜ್ ಬರೆದ ಪತ್ತೇದಾರಿ ಕಥೆಯೊಂದನ್ನು 50 ಮಂದಿ ಓದಿದರು, ಅರ್ಧ ಜನ ಕಾಗದದಲ್ಲಿ, ಅರ್ಧ ಜನ ಕಿಂಡಲ್‌ನಲ್ಲಿ. ಹೆಚ್ಚಿನ ಪ್ರಶ್ನೆಗಳಿಗೆ ಎರಡೂ ಗುಂಪು ಸಮನಾಗಿ ಉತ್ತರಿಸಿತು. ಯಾವ ಘಟನೆ ಮೊದಲು, ಯಾವುದು ಆಮೇಲೆ ಎಂದು ಜೋಡಿಸುವಾಗ ಮಾತ್ರ ಕಿಂಡಲ್‌ನವರು ಹಿಂದೆ ಬಿದ್ದರು. ಎಡಗೈಯಲ್ಲಿ ದಪ್ಪವಾಗುತ್ತ ಬಲಗೈಯಲ್ಲಿ ತೆಳ್ಳಗಾಗುತ್ತ ಹೋಗುವ ಪುಟಗಳು ಕಥೆಯಲ್ಲಿ ನಾವೆಲ್ಲಿದ್ದೇವೆ ಎಂದು ಬೆರಳಿಗೆ ಹೇಳುತ್ತಿರುತ್ತವೆ ಎಂಬುದು ಅವರ ಊಹೆ.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದಿದವರು ಈ ಊಹೆಗೆ ತಕ್ಷಣ ತಲೆದೂಗುತ್ತಾರೆ. ಹತ್ತಾರು ಮನೆ, ನೂರಾರು ಜನ. ಐತ ಯಾರ ಮನೆಯ ಆಳು, ಗುತ್ತಿ ಯಾವ ದಾರಿ ಹಿಡಿದ ಎಂದು ನೋಡಲು ಹಿಂದಿನ ಪುಟಗಳಿಗೆ ಹೋಗಿ ಬರುತ್ತಲೇ ಇರಬೇಕು. ಅಂಥ ಕೃತಿಗೆ ಕಾಗದವೇ ಲೇಸು. ಪಠ್ಯಪುಸ್ತಕಕ್ಕೂ, ಚಿತ್ರ ನಕಾಶೆಗಳಿರುವ ಪುಸ್ತಕಕ್ಕೂ ಇದೇ ತೀರ್ಪು.

ಕಿವಿಯ ಕಥೆಯೇ ಬೇರೆ. ಕೇಳಿದ್ದು ಓದಿದ ಹಾಗಲ್ಲ ಎಂದು ಮೂಗು ಮುರಿಯುವವರಿದ್ದಾರೆ. ಕನ್ನಡಿಗರು ಹಾಗೆನ್ನುವುದು ವಿಚಿತ್ರ. ಕುಮಾರವ್ಯಾಸನ ಭಾರತ, ಲಕ್ಷ್ಮೀಶನ ಜೈಮಿನಿ ಭಾರತ ಹಳ್ಳಿ ಹಳ್ಳಿಗೆ ತಲುಪಿದ್ದು ಗಮಕಿಗಳ ಕೊರಳಿನಿಂದ. ಒಬ್ಬರು ರಾಗವಾಗಿ ವಾಚಿಸುವುದು, ಇನ್ನೊಬ್ಬರು ಅರ್ಥ ಬಿಡಿಸಿ ಹೇಳುವುದು, ಓದುಬರಹ ಬಾರದವರೂ ಕೂತು ತಪ್ಪು ಒಪ್ಪು ಹೇಳುವುದು. ಶಿವಮೊಗ್ಗದ ಹೊಸಹಳ್ಳಿ ಈ ಕಲೆಗೆ ಇಂದಿಗೂ ಹೆಸರುವಾಸಿ. ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು.

ಕಿವಿಗೇ ಹೇಳಿಮಾಡಿಸಿದ ಕೃತಿಗಳಿವೆ. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ ಮೊದಲು ಬಂದಾಗ ಅದರ ನಂಜನಗೂಡು ಸೀಮೆಯ ಆಡುಮಾತಿಗೆ ತಿಣುಕಿದ ಓದುಗರು ಕಡಿಮೆಯಲ್ಲ. ಅದೇ ಸಾಲುಗಳನ್ನು ಆ ಮಾತು ಬಲ್ಲವರು ಗಟ್ಟಿಯಾಗಿ ಓದಿದರೆ ಗಂಟುಗಳು ಸಡಿಲುತ್ತವೆ. ಧಾರವಾಡದ ಸಂಭಾಷಣೆಗೂ, ಕುಂದಾಪುರದ ಬೈಗುಳಕ್ಕೂ ಇದೇ ಮಾತು. ಆದ್ದರಿಂದಲೇ ಆಡಿಯೊ ಪುಸ್ತಕದಲ್ಲಿ ಓದುವವರ ಆಯ್ಕೆ ಅರ್ಧ ಕೆಲಸ. ಟಿವಿ ವಾರ್ತೆಯ ದನಿಯಲ್ಲಿ ಹಳ್ಳಿಯ ಅಜ್ಜಿಯನ್ನು ಮಾತಾಡಿಸಿದರೆ ಕೇಳುಗ ಹತ್ತು ನಿಮಿಷಕ್ಕೆ ಬಂದ್ ಮಾಡುತ್ತಾನೆ, ತಪ್ಪೇನಿಲ್ಲ.

ಕೇಳಿದ್ದು ತಲೆಯಲ್ಲಿ ನಿಲ್ಲುತ್ತದೆಯೇ ಎಂಬುದಕ್ಕೂ ಪರೀಕ್ಷೆ ನಡೆದಿದೆ. 2016ರಲ್ಲಿ ಅಮೆರಿಕದ ಬೆತ್ ರೊಗೌಸ್ಕಿ ಮತ್ತು ಸಂಗಡಿಗರು ಲಾರಾ ಹಿಲೆನ್‌ಬ್ರಾಂಡ್ ಅವರ ‘ಅನ್‌ಬ್ರೋಕನ್’ ಪುಸ್ತಕದ ಭಾಗವನ್ನು ಕೆಲವರಿಗೆ ಓದಲು, ಕೆಲವರಿಗೆ ಕೇಳಲು, ಇನ್ನು ಕೆಲವರಿಗೆ ಎರಡನ್ನೂ ಒಟ್ಟಿಗೆ ಮಾಡಲು ಕೊಟ್ಟರು. ಕೂಡಲೇ ಪ್ರಶ್ನಿಸಿದಾಗಲೂ ಎರಡು ವಾರ ಬಿಟ್ಟು ಪ್ರಶ್ನಿಸಿದಾಗಲೂ ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಸಿಗಲಿಲ್ಲ. ಗಮನವಿಟ್ಟು ಕೂತವರ ಫಲಿತಾಂಶ ಇದು ಎಂಬುದನ್ನು ಮರೆಯಬಾರದು. ಒಗ್ಗರಣೆ ಹಾಕುತ್ತ, ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಕ್ಲಚ್ ಒತ್ತುತ್ತ ಕೇಳುವಾಗ ಕಥೆ, ಜೀವನಚರಿತ್ರೆ, ಪ್ರವಾಸಕಥನ ಸಲೀಸಾಗಿ ಇಳಿಯುತ್ತವೆ. ವಿಮರ್ಶೆ, ತತ್ತ್ವಶಾಸ್ತ್ರ, ಅಂಕಿ ಅಂಶಗಳ ಪುಸ್ತಕ ಇಳಿಯುವುದಿಲ್ಲ.

ದೃಷ್ಟಿ ಇಲ್ಲದವರಿಗೆ ಮಾತ್ರ ಇದು ರುಚಿಯ ವಿಷಯವಲ್ಲ, ಹಕ್ಕಿನದು. ಬ್ರಿಟನ್ನಿನಲ್ಲಿ 1935ರಲ್ಲಿ ಮೊದಲ ಮಾತಾಡುವ ಪುಸ್ತಕಗಳು ಗ್ರಾಮಾಫೋನ್ ತಟ್ಟೆಗಳಲ್ಲಿ ಬಂದದ್ದೇ ಅವರಿಗಾಗಿ. ಅವುಗಳಲ್ಲಿ ಅಗಾಥಾ ಕ್ರಿಸ್ಟಿಯ ಪತ್ತೇದಾರಿ ಕಾದಂಬರಿಯೂ ಒಂದು. ಬೆಂಗಳೂರಿನ ಮಿತ್ರ ಜ್ಯೋತಿ ಸಂಸ್ಥೆ ಬಹುಕಾಲದಿಂದ ಇಂಥ ಪುಸ್ತಕಗಳ ಗ್ರಂಥಾಲಯ ನಡೆಸುತ್ತಿದೆ. ಓದಲು ಕಷ್ಟವಿರುವವರಿಗೆ ಅವರು ಬಳಸಬಲ್ಲ ರೂಪದಲ್ಲಿ ಪುಸ್ತಕ ಮಾಡಿಕೊಡಲು ದಾರಿ ಮಾಡಿದ ಮರಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತ.

ಇ-ಪುಸ್ತಕ ಕೊಳ್ಳುವವರು ತಿಳಿದಿರಬೇಕಾದ ಒಂದು ಕಹಿ ಸಂಗತಿಯಿದೆ. ಎಷ್ಟೋ ಕಡೆ ದುಡ್ಡು ಕೊಟ್ಟು ಪಡೆಯುವುದು ಪುಸ್ತಕವನ್ನಲ್ಲ, ಓದುವ ಪರವಾನಗಿಯನ್ನು. 2009ರ ಜುಲೈನಲ್ಲಿ, ಮಾರಿದವರಿಗೆ ಹಕ್ಕಿರಲಿಲ್ಲವೆಂದು ಅಮೆಜಾನ್ ಕೆಲವು ಪುಸ್ತಕಗಳನ್ನು ಗಿರಾಕಿಗಳ ಕಿಂಡಲ್‌ಗಳಿಂದ ದೂರದಿಂದಲೇ ಅಳಿಸಿ ಹಣ ವಾಪಸು ಕೊಟ್ಟಿತು. ಅಳಿಸಿದ್ದು ಜಾರ್ಜ್ ಆರ್ವೆಲ್ ಅವರ ‘1984’ ಮತ್ತು ‘ಅನಿಮಲ್ ಫಾರ್ಮ್’. ವ್ಯಂಗ್ಯವನ್ನು ಬೇರೆ ಹೇಳಬೇಕಿಲ್ಲ. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿಯನ್ನೇ ಮುಚ್ಚಿದಾಗಲೂ ಕೊಂಡವರ ಪುಸ್ತಕಗಳು ಮಾಯವಾದವು, ಹಣ ಮರಳಿತು. ಅಚ್ಚಿನ ಪ್ರತಿಯನ್ನು ಸ್ನೇಹಿತರಿಗೆ ಕೊಡಬಹುದು, ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಮಾರಬಹುದು. ತೆರಿಗೆಯಲ್ಲೂ ಅದಕ್ಕೇ ಮೇಲುಗೈ: ಅಚ್ಚಿನ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಇ-ಪುಸ್ತಕಕ್ಕಿದ್ದ ಶೇಕಡಾ 18ರ ತೆರಿಗೆ 2018ರಲ್ಲಿ ಶೇಕಡಾ 5ಕ್ಕೆ ಇಳಿಯಿತು, ಅದೂ ಅಚ್ಚಿನ ರೂಪ ಇರುವಂಥವಕ್ಕೆ ಮಾತ್ರ.

ಇಷ್ಟಾದ ಮೇಲೂ ಕನ್ನಡದಲ್ಲಿ ಮಾಡಬಹುದಾದ ಕೆಲಸ ಬೇಕಾದಷ್ಟಿದೆ. ನಮ್ಮ ಕಾಯ್ದೆಯಲ್ಲಿ ಲೇಖಕರು ತೀರಿಕೊಂಡು 60 ವರ್ಷಕ್ಕೆ ಕೃತಿಸ್ವಾಮ್ಯ ಮುಗಿಯುತ್ತದೆ. 1963ರಲ್ಲಿ ತೀರಿಕೊಂಡ ತ್ರಿವೇಣಿಯವರು ಬದುಕಿದ್ದಾಗ ಪ್ರಕಟವಾದ ಕಾದಂಬರಿಗಳು 2024ರ ಜನವರಿ 1ರಿಂದ ಎಲ್ಲರ ಸೊತ್ತು. ಅವುಗಳನ್ನು ಯಾರು ಬೇಕಾದರೂ ಇಪಬ್ ಮಾಡಬಹುದು, ಓದಿ ಧ್ವನಿಮುದ್ರಿಸಬಹುದು. ಹೊಸ ಪುಸ್ತಕ ತರುವ ಪ್ರಕಾಶಕರಿಗೆ ಒಂದೇ ಕೋರಿಕೆ: ಮೊದಲ ಕರಡಿನಿಂದಲೇ ಯೂನಿಕೋಡ್ ಬಳಸಿ. ಆ ಒಂದು ಕಡತದಿಂದ ಅಚ್ಚೂ ಆಗುತ್ತದೆ, ಇಪಬ್ಬೂ ಆಗುತ್ತದೆ. ದೃಷ್ಟಿ ಇಲ್ಲದ ಓದುಗರ ಮೊಬೈಲು ಅದನ್ನೇ ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳುತ್ತದೆ. ಪುಟದ ಚಿತ್ರವಷ್ಟೇ ಇರುವ ಸ್ಕ್ಯಾನ್ ಪಿಡಿಎಫ್ ಅದರ ಮುಂದೆ ಮೂಕ.