ಗಾಳದ ರೀಲು

ಬಿದಿರಿನ ಕೋಲು, ಅದರ ತುದಿಗೆ ಕಟ್ಟಿದ ದಾರ, ದಾರದ ಕೊನೆಗೊಂದು ಕೊಕ್ಕೆ. ಇಷ್ಟಿದ್ದರೆ ಕೆರೆಯ ದಂಡೆಯಲ್ಲಿ ಸಣ್ಣ ಮೀನನ್ನು ಹಿಡಿಯಬಹುದು. ಆದರೆ ರಭಸದ ಹೊಳೆಯಲ್ಲಿ ದೊಡ್ಡ ಮೀನೊಂದು ಗಾಳವನ್ನು ಕಚ್ಚಿ ಓಡತೊಡಗಿದರೆ ದಾರವು ಒಂದೇ ಸೆಳೆತಕ್ಕೆ ಹರಿದುಹೋಗುತ್ತದೆ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರನಾಗಿದ್ದ ಎಚ್. ಎಸ್. ಥಾಮಸ್ 1873ರಲ್ಲಿ ಪ್ರಕಟಿಸಿದ ‘ದಿ ರಾಡ್ ಇನ್ ಇಂಡಿಯಾ’ ಎಂಬ ಗ್ರಂಥದಲ್ಲಿ ವಿವರಿಸಿರುವ ಮಹಶೀರ್ ಅಂತಹ ಮೀನು. ಅದು ಓಡಿದಷ್ಟೂ ದಾರವನ್ನು ಬಿಡಬೇಕು. ದಣಿದಾಗ ಮರಳಿ ಸುತ್ತಿಕೊಳ್ಳಬೇಕು. ಈ ಎರಡು ಕೆಲಸಗಳನ್ನೂ ಮಾಡುವ ಸಾಧನವೇ ರೀಲು.

ಚೀನಾದ ಚಿತ್ರಕಾರ ಮಾ ಯುವಾನ್ 1195ರ ಸುಮಾರಿಗೆ ಬರೆದ ಚಿತ್ರವೊಂದರಲ್ಲಿ, ದೋಣಿಯಲ್ಲಿ ಮುದುರಿ ಕುಳಿತವನ ಗಾಳದ ಕೋಲಿಗೆ ಪುಟ್ಟ ರಾಟೆಯೊಂದು ಜೋಡಿಸಿರುವುದು ಕಾಣುತ್ತದೆ. ಇಂಗ್ಲೆಂಡಿನ ಗ್ರಂಥದಲ್ಲಿ ಇಂತಹ ಸಾಧನದ ಪ್ರಸ್ತಾಪ ಬರುವುದು 1651ರಲ್ಲಿ.

ಮೊದಲ ರೀಲುಗಳಲ್ಲಿ ಹಿಡಿಯ ಒಂದು ಸುತ್ತಿಗೆ ದಾರದ ಉರುಳೆಯೂ ಒಂದೇ ಸುತ್ತು ತಿರುಗುತ್ತಿತ್ತು. ಅಮೆರಿಕದ ಕೆಂಟಕಿಯ ಗಡಿಯಾರ ತಯಾರಕ ಜಾರ್ಜ್ ಸ್ನೈಡರ್ 1820ರ ಸುಮಾರಿಗೆ ತನ್ನ ಕಸುಬಿನ ಹಲ್ಲುಚಕ್ರಗಳನ್ನು ರೀಲಿನೊಳಗೆ ನಿಖರವಾಗಿ ಕೂರಿಸಿದನು. ದೊಡ್ಡ ಚಕ್ರವು ಒಮ್ಮೆ ತಿರುಗಿದರೆ ಅದನ್ನು ಕಚ್ಚಿಕೊಂಡ ಸಣ್ಣ ಚಕ್ರವು ಹಲವು ಸಲ ತಿರುಗುವುದರಿಂದ ದಾರವು ಬೇಗಬೇಗನೆ ಒಳಸೇರುತ್ತದೆ.

ಆದರೂ ಒಂದು ತೊಡಕು ಉಳಿಯಿತು. ಎಸೆದ ಗಾಳವು ಗಾಳಿಯಲ್ಲಿ ವೇಗ ಕಳೆದುಕೊಂಡರೂ ಉರುಳೆಯು ಜಡತ್ವದಿಂದ ಸುತ್ತುತ್ತಲೇ ಇರುತ್ತದೆ. ಬೇಡದ ದಾರವು ಹೊರಬಿದ್ದು ಸಿಕ್ಕಾಗುತ್ತದೆ. ಹೆಬ್ಬೆರಳಿನಿಂದ ಉರುಳೆಯನ್ನು ಅದುಮಿ ತಡೆಯುವ ಹದವು ಬಹುಕಾಲದ ಅಭ್ಯಾಸದಿಂದಲೇ ಬರಬೇಕು.

ಇದಕ್ಕೆ ಪರಿಹಾರವು ನೂಲಿನ ಗಿರಣಿಯ ಕಡೆಯಿಂದ ಬಂದಿತು. ಉಣ್ಣೆಯ ಗಿರಣಿಗಳಿಗೆ ಹೆಸರಾದ ಬ್ರಾಡ್‌ಫರ್ಡ್ ಪ್ರದೇಶದ ಆಲ್ಫ್ರೆಡ್ ಇಲ್ಲಿಂಗ್‌ವರ್ತ್ 1905ರಲ್ಲಿ ಹೊಸ ಬಗೆಯ ರೀಲಿಗೆ ಪೇಟೆಂಟ್ ಪಡೆದನು. ಕದಿರಿನ ತುದಿಯಿಂದ ನೂಲು ಜಾರಿ ಬರುವಂತೆ ಇದರಲ್ಲಿ ದಾರವು ಉರುಳೆಯ ಅಂಚಿನ ಮೇಲಿಂದ ಸುರುಳಿಸುರುಳಿಯಾಗಿ ಜಾರುತ್ತದೆ. ಉರುಳೆಯೇ ತಿರುಗದಿದ್ದ ಮೇಲೆ ಅದು ಮಿತಿಮೀರಿ ಸುತ್ತುವ ಮಾತೆಲ್ಲಿ? ಇಂದಿನ ಇಂತಹ ರೀಲುಗಳಲ್ಲಿ ದಾರವನ್ನು ಮರಳಿ ಸುತ್ತಲು ಬಾಗಿದ ತಂತಿಯೊಂದು ಉರುಳೆಯ ಸುತ್ತ ತಿರುಗುತ್ತದೆ. ದಾರಕ್ಕೆ ಹುರಿಯೇರುವುದೊಂದು ಇದರ ದೋಷ. ಹೊಸಬರಿಗಾಗಿ ಈ ಉರುಳೆಗೆ ಮುಚ್ಚಳ ತೊಡಿಸಿದ ರೀಲು 1949ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದಿತು. ಅದನ್ನು ತಯಾರಿಸಿದ್ದು ಎಣ್ಣೆಬಾವಿಗಳಿಗೆ ಸಿಡಿಗುಂಡು ಒದಗಿಸುತ್ತಿದ್ದ ಕಂಪನಿಯೆಂಬುದು ವಿಚಿತ್ರವಾದರೂ ನಿಜ! ಕೃತಕ ನೊಣವನ್ನು ಗಾಳಕ್ಕೆ ಕಟ್ಟಿ ಎಸೆಯುವವರು ಮಾತ್ರ ಇಂದಿಗೂ ಹೆಚ್ಚಾಗಿ ಹಳೆಯ ಸರಳ ರೀಲನ್ನೇ ಬಳಸುತ್ತಾರೆ.

ಈಗಿನ ರೀಲುಗಳ ಬಹುಮುಖ್ಯ ಅಂಗ ಅದರ ತಡೆ. ಒಂದಕ್ಕೊಂದು ಒತ್ತಿಕೊಂಡ ಬಿಲ್ಲೆಗಳ ಘರ್ಷಣೆಯು ಉರುಳೆಯನ್ನು ಹಿಡಿದಿರುತ್ತದೆ. ದಾರವು 6 ಕಿಲೋಗ್ರಾಂ ಭಾರ ತಾಳುವುದಾದರೆ, ತಡೆಯನ್ನು ಸುಮಾರು 2 ಕಿಲೋಗ್ರಾಂ ಸೆಳೆತಕ್ಕೆ ಹೊಂದಿಸುವುದುಂಟು. ಮೀನು ಅದಕ್ಕಿಂತ ಜೋರಾಗಿ ಎಳೆದೊಡನೆ ಬಿಲ್ಲೆಗಳು ಜಾರಿ ಉರುಳೆಯು ತಾನಾಗಿಯೇ ದಾರವನ್ನು ಬಿಡುತ್ತದೆ. ಎಳೆತ ಸಡಿಲವಾದಾಗ ಮತ್ತೆ ಬಿಗಿಯಾಗಿ ನಿಲ್ಲುತ್ತದೆ.