ರೈಫಲಿನ ವಯಸ್ಸು

ಒಂದು ವಸ್ತುವಿನ ವಯಸ್ಸೆಷ್ಟು ಎಂಬ ಪ್ರಶ್ನೆ ಮೇಲ್ನೋಟಕ್ಕೆ ಬಹು ಸರಳವಾದದ್ದು. ಅದು ಕಾರ್ಖಾನೆಯಿಂದ ಹೊರಬಿದ್ದ ವರ್ಷವನ್ನು ಇಂದಿನ ವರ್ಷದಿಂದ ಕಳೆದರೆ ಉತ್ತರ ದೊರೆಯಿತು. ಆದರೆ ಫಿನ್ಲೆಂಡ್ ದೇಶದ ಎಂ/39 ಎಂಬ ಸೈನಿಕ ರೈಫಲನ್ನು ಪರೀಕ್ಷಿಸುವವನಿಗೆ ಈ ಲೆಕ್ಕ ಸಾಲದು. ಅದರ ನಳಿಗೆಯ ಬುಡದಲ್ಲಿ 1942 ಎಂಬ ಅಂಕಿ ಸ್ಪಷ್ಟವಾಗಿ ಕಾಣುತ್ತದೆ. ತಿರುಪುಗಳನ್ನು ಬಿಚ್ಚಿ, ಉಕ್ಕಿನ ಭಾಗವನ್ನು ಮರದಿಂದ ಬೇರ್ಪಡಿಸಿ, ಅಡಿಮೇಲು ಮಾಡಿ ನೋಡಿದರೆ, ಹಿಂತುದಿಯಲ್ಲಿ ನಾಲಗೆಯಂತೆ ಚಾಚಿರುವ ಪಟ್ಟಿಯ ಕೆಳಗೆ 1896 ಎಂದಿರಬಹುದು. ಎರಡು ಅಂಕಿಗಳೂ ಸುಳ್ಳಲ್ಲ. ಹಾಗಾದರೆ ಅದು ಯಾವ ವರ್ಷದ ರೈಫಲು?

ಯುದ್ಧದ ಒತ್ತಡದಲ್ಲಿ ಹಳೆಯ ಆಯುಧಗಳನ್ನು ಬಿಚ್ಚಿ, ಕೂಡಿಸಿ, ಹೊಸದಾಗಿ ರೂಪಿಸುವ ಪದ್ಧತಿ ಅನೇಕ ದೇಶಗಳಲ್ಲಿತ್ತು. ಅಂಥ ರೈಫಲುಗಳು ಮುಂದೆ ಸೈನ್ಯಕ್ಕೆ ಮಿಗುತಾಯವಾಗಿ, ಮಾರಾಟವಾಗಿ, ಸಂಗ್ರಾಹಕರ ಕೈ ಸೇರಿದವು. ಅವುಗಳನ್ನು ಗುರುತಿಸುವ ವಿದ್ಯೆ, ಭೂವಿಜ್ಞಾನಿಯು ಶಿಲಾಸ್ತರಗಳನ್ನು ಓದುವ ವಿದ್ಯೆಗೆ ಬಹು ಹತ್ತಿರದ್ದು. ಯಾವ ಗುರುತು ಯಾವುದರ ಮೇಲೆ ಬಿದ್ದಿದೆ ಎಂಬುದನ್ನು ಕಂಡುಕೊಂಡರೆ ಯಾವ ಘಟನೆ ಮೊದಲು, ಯಾವುದು ಅನಂತರ ಎಂಬುದು ತಾನಾಗಿ ತಿಳಿಯುತ್ತದೆ.

ಫಿನ್ಲೆಂಡ್ 1917ರ ಡಿಸೆಂಬರಿನವರೆಗೆ ರಷ್ಯಾ ಸಾಮ್ರಾಜ್ಯದ ಅಂಗವಾಗಿತ್ತು. ಸ್ವತಂತ್ರವಾದಾಗ ಅದಕ್ಕೆ ಬಳುವಳಿಯಾಗಿ ಬಂದದ್ದು ರಷ್ಯನ್ ಸೈನ್ಯದ 1891ರ ಮಾದರಿಯ ಮೋಸಿನ್-ನಗಾಂತ್ ರೈಫಲು. ಈ ಸಣ್ಣ ರಾಷ್ಟ್ರ ಬೇರೆ ದೇಶಗಳಲ್ಲಿ ಬೇಡವಾಗಿ ಬಿದ್ದಿದ್ದ ಅದೇ ಮಾದರಿಯ ರೈಫಲುಗಳನ್ನೂ ಕೊಂಡು ಸಂಗ್ರಹಿಸಿತು. 1939ರ ನವೆಂಬರ್ 30ರಂದು ಸೋವಿಯತ್ ಸೈನ್ಯ ಗಡಿ ದಾಟಿತು. 1940ರ ಮಾರ್ಚ್ 13ರವರೆಗೆ ನಡೆದ ಈ ಚಳಿಗಾಲದ ಯುದ್ಧದಲ್ಲಿ ಶತ್ರುವಿನಿಂದಲೂ ಇದೇ ಬಗೆಯ ರೈಫಲುಗಳು ಫಿನ್ನರ ವಶವಾದವು. ಇವುಗಳಲ್ಲಿ ಅನೇಕವುಗಳ ಭಾಗಗಳಿಂದಲೇ ಎಂ/39 ಹುಟ್ಟಿತು. ಅದು ಒಟ್ಟು ಸುಮಾರು ಒಂದು ಲಕ್ಷದಷ್ಟು ತಯಾರಾಯಿತು.

ಇಡೀ ರೈಫಲನ್ನು ಹೊಸದಾಗಿ ಮಾಡದೆ ಹಳೆಯದನ್ನೇ ಏಕೆ ಬಳಸಬೇಕಾಗಿತ್ತು? ರೈಫಲಿನ ಭಾಗಗಳೆಲ್ಲ ಒಂದೇ ಸಮನಾಗಿ ಸವೆಯುವುದಿಲ್ಲ. ತೋಟಾ ಸಿಡಿದಾಗ ಹುಟ್ಟುವ ಅನಿಲದ ಒತ್ತಡ ವಾಯುಮಂಡಲದ ಒತ್ತಡದ ಸುಮಾರು ಮೂರು ಸಾವಿರ ಪಟ್ಟು. ಆ ಕಾದ ಅನಿಲ ನಳಿಗೆಯ ಒಳಮೈಯನ್ನು ಪ್ರತಿ ಹೊಡೆತಕ್ಕೂ ಒಂದಿಷ್ಟು ಕೊರೆಯುತ್ತದೆ. ಇದರ ಜೊತೆಗೆ ಆ ಕಾಲದ ತೋಟಾಗಳ ಕಿಡಿಮದ್ದಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದಾಗ ಉಳಿಯುವ ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ಸೋದರ. ತೇವವನ್ನು ಸೆಳೆದು ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಆದ್ದರಿಂದ ಮೊದಲು ಕೆಡುವುದು ನಳಿಗೆ. ನಳಿಗೆಯ ಹಿಂದೆ ಬಿಗಿದಿರುವ ಉಕ್ಕಿನ ಗೂಡಿಗೆ ರಿಸೀವರ್ ಎಂದು ಹೆಸರು. ಬಾಗಿಲಿನ ಅಗುಳಿಯಂತೆ ಹಿಂದೆ ಮುಂದೆ ಸರಿಯುವ ಬೋಲ್ಟು ಇದರೊಳಗೇ ಚಲಿಸುತ್ತದೆ. ಇದನ್ನು ಕಡೆಯುವುದು ಬಹಳ ಹೊತ್ತಿನ, ನಾಜೂಕಿನ ಕೆಲಸ. ಆದರೆ ಒಮ್ಮೆ ಮಾಡಿದರೆ ಹಲವು ನಳಿಗೆಗಳ ಆಯುಷ್ಯವನ್ನು ಮೀರಿ ಬಾಳುತ್ತದೆ. ಹೊಸ ನಳಿಗೆಯನ್ನು ತಾವೇ ಮಾಡಿ, ರಿಸೀವರನ್ನು ಮಾತ್ರ ಹಳೆಯದರಿಂದ ತೆಗೆದುಕೊಂಡ ಫಿನ್ನರ ನಿರ್ಧಾರ ಹೀಗೆ ಪದಾರ್ಥವಿಜ್ಞಾನಕ್ಕೂ ಅರ್ಥಶಾಸ್ತ್ರಕ್ಕೂ ಒಪ್ಪುವಂಥದು.

ಈಗ ಗುರುತಿಸುವ ಕ್ರಮವನ್ನು ನೋಡೋಣ. ಮೊದಲನೆಯದು ರಿಸೀವರ್. ಅದರ ಪಟ್ಟಿಯ ಅಡಿಯಲ್ಲಿರುವ ಮುದ್ರೆಯಿಂದ ರಷ್ಯಾದ ತೂಲಾ, ಇಝೆವ್ಸ್ಕ್, ಸೆಸ್ತ್ರೊರೆತ್ಸ್ಕ್ ಕಾರ್ಖಾನೆಗಳಲ್ಲಿ ಯಾವುದರದೆಂದು ತಿಳಿಯಬಹುದು. ಆರಂಭದ ವರ್ಷಗಳಲ್ಲಿ ರಷ್ಯಾಕ್ಕಾಗಿ ಫ್ರಾನ್ಸಿನ ಶಾತೆಲ್‌ರೋ ಕಾರ್ಖಾನೆಯೂ, ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ರೆಮಿಂಗ್ಟನ್ ಮತ್ತು ವೆಸ್ಟಿಂಗ್‌ಹೌಸ್ ಕಂಪನಿಗಳೂ ಇದೇ ರೈಫಲನ್ನು ತಯಾರಿಸಿದ್ದುವು. ಆಕಾರವೂ ಒಂದು ಸಾಕ್ಷಿ: ಹಳೆಯ ರಿಸೀವರಿನ ಮೇಲ್ಭಾಗದಲ್ಲಿ ಚಪ್ಪಟೆಯಾದ ಮುಖಗಳಿರುತ್ತವೆ, ಸೋವಿಯತ್ ಕಾರ್ಖಾನೆಗಳು ಸುಮಾರು 1936ರಿಂದ ಅದನ್ನು ದುಂಡಗೆ ಮಾಡಿದುವು.

ಎರಡನೆಯದು ನಳಿಗೆ. ಮೂಲ ರೈಫಲಿನ ನಳಿಗೆ ಸುಮಾರು 80 ಸೆಂಟಿಮೀಟರ್ ಉದ್ದದ್ದು, ಎಂ/39ರದು 68.5 ಸೆಂಟಿಮೀಟರ್, ಆದರೆ ಹೆಚ್ಚು ದಪ್ಪ. ಅದರ ಬುಡದಲ್ಲಿ ಸಾಕೋ ಅಥವಾ ವಿಕೆಟಿ ಎಂಬ ಕಾರ್ಖಾನೆಯ ಹೆಸರು, ತಯಾರಾದ ವರ್ಷ, ಮತ್ತು ಚೌಕಟ್ಟಿನೊಳಗೆ ಎಸ್, ಎ ಎಂಬ ಎರಡು ಅಕ್ಷರಗಳು ಇರುತ್ತವೆ. ಈ ಅಕ್ಷರಗಳು ಫಿನ್ಲೆಂಡಿನ ಸೈನ್ಯದ ಸ್ವತ್ತೆಂಬುದರ ಮುದ್ರೆ. ಡಿ ಎಂಬ ಅಕ್ಷರವಿದ್ದರೆ, 13 ಗ್ರಾಂ ತೂಕದ ಡಿ-166 ಎಂಬ ಗುಂಡಿಗೆ ಆ ನಳಿಗೆ ಹೊಂದುತ್ತದೆಂದು ಅರ್ಥ.

ಮೂರನೆಯದು ಗುರಿ ಹಿಡಿಯುವ ಪಟ್ಟಿ. 1891ರ ಮಾದರಿಯಲ್ಲಿ ಇದರ ಮೇಲಿನ ದೂರಗಳು ಮೀಟರಿನಲ್ಲಿರಲಿಲ್ಲ, ಅರ್ಶೀನ್ ಎಂಬ ಹಳೆಯ ರಷ್ಯನ್ ಅಳತೆಯಲ್ಲಿದ್ದುವು. ಒಂದು ಅರ್ಶೀನ್ ಎಂದರೆ 71.12 ಸೆಂಟಿಮೀಟರ್. ಹೀಗಾಗಿ ಪಟ್ಟಿಯ ಮೇಲೆ 400 ಎಂದಿದ್ದರೆ ಅದು ನಿಜವಾಗಿ 284 ಮೀಟರಿಗೆ ಸರಿಯಾದ ಗುರುತು. 1200 ಎಂದಿದ್ದರೆ 853 ಮೀಟರಿಗೆ. 400 ಮೀಟರ್ ದೂರದ ಗುರಿಗೆ ಸೈನಿಕನು ನೇರವಾಗಿ 400ನ್ನೇ ಹಿಡಿದರೆ ನಳಿಗೆಗೆ ಸಾಕಷ್ಟು ಏರುಕೋನ ದೊರೆಯದೆ ಗುಂಡು ಗುರಿಯ ಕೆಳಕ್ಕೆ ಬೀಳುತ್ತದೆ. ಮೀಟರಿಗೆ ಒಗ್ಗಿದ ಫಿನ್ನರು ಉಳಿಸಿಕೊಂಡ ಹಳೆಯ ರೈಫಲುಗಳಲ್ಲಿ ಈ ಅಂಕಿಗಳನ್ನು ತೆಗೆದುಹಾಕಿ ಅಥವಾ ಹೊಡೆದುಹಾಕಿ ಮೀಟರಿನ ಅಂಕಿಗಳನ್ನು ಒತ್ತಿದರು. ಒಂದೇ ಪಟ್ಟಿಯ ಮೇಲೆ ಎರಡು ಮಾನಗಳ ಗುರುತು ಕಂಡರೆ, ಅದು ಎರಡು ಸೈನ್ಯಗಳಲ್ಲಿ ಸೇವೆ ಸಲ್ಲಿಸಿದ ರೈಫಲು ಎಂದು ಊಹಿಸಬಹುದು.

ನಾಲ್ಕನೆಯದು ಮರ. ಫಿನ್ನರು ಮರದ ಭಾಗವನ್ನು ಒಂದೇ ತುಂಡಿನಿಂದ ಮಾಡದೆ, ಎರಡು ಕೈಗಳ ಬೆರಳುಗಳನ್ನು ಹೆಣೆದಂತೆ ಎರಡು ತುಂಡುಗಳನ್ನು ಬೆಸೆದು ಮಾಡುತ್ತಿದ್ದರು. ಮರ ತೇವವನ್ನು ಹೀರಿದಾಗ ಎಳೆಗೆ ಅಡ್ಡಲಾಗಿ ಬಹಳವಾಗಿಯೂ ಉದ್ದಕ್ಕೆ ಅತ್ಯಲ್ಪವಾಗಿಯೂ ಹಿಗ್ಗುತ್ತದೆ. ಎಳೆ ನೇರವಾಗಿರದಿದ್ದರೆ ಸೊಟ್ಟಗಾಗುತ್ತದೆ. ಸೊಟ್ಟಗಾದ ಮರ ನಳಿಗೆಯನ್ನು ಒಂದು ಪಕ್ಕಕ್ಕೆ ಒತ್ತಿ ಗುರಿ ಕೆಡಿಸುತ್ತದೆ. ಉದ್ದನೆಯ ಒಂದೇ ತುಂಡಿಗಿಂತ ಬೆಸೆದ ತುಂಡುಗಳಲ್ಲಿ ಈ ದೋಷ ಕಡಿಮೆ. ಬೆಸುಗೆಯ ಈ ಹಲ್ಲುಸಾಲು ಫಿನ್ನಿಷ್ ಕೆಲಸಕ್ಕೆ ಒಳ್ಳೆಯ ಗುರುತು.

ಬೆಲೆಯುಳ್ಳ ಗುರುತಿದ್ದಲ್ಲಿ ಖೋಟಾ ಗುರುತೂ ಇರುತ್ತದೆ. ಉಕ್ಕಿನ ಮೇಲೆ ಅಚ್ಚನ್ನು ಹೊಡೆದಾಗ ಲೋಹ ಪಕ್ಕಕ್ಕೆ ಸರಿದು ಅಕ್ಷರದ ಅಂಚಿನಲ್ಲಿ ಸಣ್ಣ ದಿಬ್ಬವೇಳುತ್ತದೆ. ಕೊರೆದ ಅಕ್ಷರದಲ್ಲಿ ಹಾಗೆ ಏಳುವುದಿಲ್ಲ. ರೈಫಲಿನ ಕಪ್ಪು ಬಣ್ಣವು ಕಬ್ಬಿಣದ ಆಕ್ಸೈಡಿನ ತೆಳ್ಳನೆಯ ಪದರ. ಅಕ್ಷರದ ತಳದಲ್ಲಿಯೂ ಅದೇ ಪದರವಿದ್ದರೆ ಬಣ್ಣಕ್ಕೆ ಮುಂಚೆಯೇ ಮುದ್ರೆ ಬಿದ್ದಿತ್ತು. ಸುತ್ತಲೂ ಕಪ್ಪಾಗಿದ್ದು ತಳ ಮಾತ್ರ ಹೊಳೆಯುತ್ತಿದ್ದರೆ ಮುದ್ರೆ ತೀರ ಈಚಿನದು. ಇದನ್ನು ಅರಿಯಲು ಒಂದು ಭೂತಗನ್ನಡಿಯೂ ತಾಳ್ಮೆಯೂ ಸಾಕು.

ಅಳಿಸಿಹೋದ ಮುದ್ರೆಯೂ ಪೂರ್ತಿ ಅಳಿದಿರುವುದಿಲ್ಲವೆಂಬುದು ಇನ್ನೂ ಸ್ವಾರಸ್ಯಕರ. ರಷ್ಯಾದ ಕ್ರಾಂತಿಯ ನಂತರ ಕೆಲವು ರೈಫಲುಗಳ ಮೇಲಿದ್ದ ಚಕ್ರವರ್ತಿಯ ಎರಡು ತಲೆಯ ಹದ್ದನ್ನು ಉಜ್ಜಿ ತೆಗೆಯಲಾಯಿತು. ಅಚ್ಚಿನ ಪೆಟ್ಟು ಕಣ್ಣಿಗೆ ಕಾಣುವ ಕುಳಿಯ ಕೆಳಗೂ ಲೋಹದ ಹರಳುಗಳನ್ನು ಹಿಸುಕಿ ವಿರೂಪಗೊಳಿಸಿರುತ್ತದೆ. ಮೇಲ್ಮೈಯನ್ನು ಅರದಿಂದ ತೇಯ್ದರೂ ಈ ಹಿಸುಕಿದ ವಲಯ ಆಳದಲ್ಲಿ ಉಳಿದಿರಬಹುದು. ಅಲ್ಲಿಗೆ ತಾಮ್ರದ ಕ್ಲೋರೈಡ್ ಕೂಡಿದ ಹೈಡ್ರೋಕ್ಲೋರಿಕ್ ಆಮ್ಲವನ್ನು ಸವರಿದರೆ, ವಿರೂಪಗೊಂಡ ಉಕ್ಕು ಪಕ್ಕದ ಉಕ್ಕಿಗಿಂತ ಬೇರೆ ವೇಗದಲ್ಲಿ ಕರಗಿ, ಮಾಯವಾದ ಆಕೃತಿ ಮತ್ತೆ ಮೂಡುತ್ತದೆ. ಅಪರಾಧ ಪರಿಶೋಧನಾಲಯಗಳಲ್ಲಿ ಅಳಿಸಿದ ಸಂಖ್ಯೆಗಳನ್ನು ಓದುವುದು ಈ ತತ್ತ್ವದಿಂದಲೇ.

ಇಷ್ಟನ್ನು ತಿಳಿದ ಮೇಲೆ ಸಂಗ್ರಾಹಕನ ಹೊಣೆ ಏನೆಂಬುದು ಸ್ಪಷ್ಟವಾಗುತ್ತದೆ. ಹಳೆಯ ರೈಫಲು ಕೊಂಡವನಿಗೆ ಅದನ್ನು ತಿಕ್ಕಿ ಹೊಳಪಿಸುವ, ಬೆಸೆದ ಮರವನ್ನು ಎಸೆದು ಚೆಂದದ ಮರ ಹಾಕುವ, ‘ಮೂಲರೂಪಕ್ಕೆ’ ತರುವ ಚಪಲ ಸಹಜ. ಆದರೆ ಎಂ/39ರ ಮೂಲರೂಪ ಯಾವುದು? 1896ರದೇ, 1942ರದೇ? ಅಮೆರಿಕದ 1968ರ ಶಾಸನವು 1898ರಲ್ಲಿ ಅಥವಾ ಅದಕ್ಕೆ ಮುಂಚೆ ತಯಾರಾದ ಬಂದೂಕನ್ನು ಪುರಾತನವೆಂದು ಎಣಿಸುತ್ತದೆ. ಅಲ್ಲಿ ರಿಸೀವರಿನ ವರ್ಷವೇ ರೈಫಲಿನ ವರ್ಷ. ಕಾನೂನಿಗೆ ಒಂದು ಉತ್ತರ ಬೇಕು, ಅದು ಸರಿ. ಚರಿತ್ರೆಗೆ ಎಲ್ಲ ಉತ್ತರಗಳೂ ಬೇಕು. ತೂಲಾದ ಕೆಲಸಗಾರನ ಮುದ್ರೆ, ಯುದ್ಧಕಾಲದ ಫಿನ್ನಿಷ್ ಕಾರ್ಖಾನೆಯ ಅವಸರದ ಗೀರು, ಸೈನಿಕನ ಕೈಯಲ್ಲಿ ಸವೆದ ಮರ, ಇವುಗಳಲ್ಲಿ ಒಂದನ್ನು ಅಳಿಸಿದರೆ ಆ ಚರಿತ್ರೆಯ ಒಂದು ಪುಟ ಹರಿದಂತೆಯೇ. ಲೋಹದಲ್ಲಿ ಕೆಲವು ಪುಟಗಳನ್ನು ಆಮ್ಲದಿಂದ ಮರಳಿ ಓದಬಹುದು; ಮರದಲ್ಲಿ ಸಾಧ್ಯವಿಲ್ಲ.

ಇಂಥ ರೈಫಲನ್ನು ಹಾರಿಸಿ ನೋಡುವ ಆಸೆಯೂ ಅಪಾಯಕರ. ಒಂದು ರೈಫಲಿನ ಬೋಲ್ಟು ಇನ್ನೊಂದಕ್ಕೆ ಸೇರಿರುವುದುಂಟು. ಬೋಲ್ಟಿಗೂ ನಳಿಗೆಗೂ ನಡುವೆ ತೋಟಾದ ಅಂಚು ಕೂರುವ ಜಾಗ ತುಸು ಹೆಚ್ಚಾದರೂ ತೋಟಾ ಒಡೆದು ಅನಿಲ ಹಿಂದಕ್ಕೆ ನುಗ್ಗಬಹುದು. ನಮ್ಮ ದೇಶದಲ್ಲಂತೂ 1959ರ ಆಯುಧ ಶಾಸನದಂತೆ ಪರವಾನಗಿಯಿಲ್ಲದೆ ಬಂದೂಕನ್ನು ಇಟ್ಟುಕೊಳ್ಳುವಂತಿಲ್ಲ.

ಆದರೆ ಓದುವುದಕ್ಕೆ ಪರವಾನಗಿ ಬೇಕಿಲ್ಲ. ಎನ್‌ಸಿಸಿ ಕವಾಯತಿನಲ್ಲಿ .303 ರೈಫಲನ್ನು ಹಿಡಿದ ವಿದ್ಯಾರ್ಥಿಗಳು ಅನೇಕರಿದ್ದಾರೆ. ಬಂಗಾಳದ ಇಷಾಪುರ ಕಾರ್ಖಾನೆಯ ಅಂಥ ರೈಫಲಿನಲ್ಲಿ, ಬೋಲ್ಟಿನ ಹಿಡಿಯ ಕೆಳಗಿನ ಉಕ್ಕಿನ ಪಟ್ಟಿಯ ಮೇಲೆ ಕಾರ್ಖಾನೆಯ ಗುರುತೂ ವರ್ಷವೂ ಇರುತ್ತವೆ. ಅಂಥದೊಂದನ್ನು ಕವಾಯತಿನಲ್ಲೋ ವಸ್ತುಸಂಗ್ರಹಾಲಯದಲ್ಲೋ ಕಂಡಾಗ ಆ ಮುದ್ರೆಯನ್ನು ಹುಡುಕಿ, ಅದರ ಮೇಲೆ, ಪಕ್ಕದಲ್ಲಿ ಬೇರೆ ಯಾವ ಮುದ್ರೆಗಳಿವೆ, ಯಾವುದು ಮೊದಲು ಬಿದ್ದದ್ದು ಎಂದು ವಿಚಾರಿಸಿ ನೋಡಿ. ಫಿನ್ಲೆಂಡ್ 1980ರ ದಶಕದಲ್ಲಿಯೂ ಇದೇ ಹಳೆಯ ಮೋಸಿನ್ ರಿಸೀವರುಗಳಿಗೆ ಹೊಸ ನಳಿಗೆ ತೊಡಿಸಿ ಗುರಿಕಾರರಿಗೆಂದು ರೈಫಲು ತಯಾರಿಸಿತು. ಒಂದು ಶತಮಾನದ ಹತ್ತಿರ ದುಡಿದ ಆ ಉಕ್ಕಿನ ತುಂಡು ತಾನು ಕಂಡದ್ದನ್ನೆಲ್ಲ ಮೈಮೇಲೆ ಬರೆದುಕೊಂಡಿದೆ. ಅದನ್ನು ಉಜ್ಜದೆ ಓದುವುದೇ ಸಂಗ್ರಾಹಕನ ಮೊದಲ ಪಾಠ.