ಹಲಬರ್ಗಾ ರಸ್ತೆಯ ಬೆಳಕು, ಧೂಳು ಮತ್ತು ಒಂದು ಚಸ್ಮಾ

ಬೀದರ್‌ನಿಂದ ಭಾಲ್ಕಿಗೆ ನಕ್ಷೆಯ ಮೇಲೆ ನೇರ ಗೆರೆ ಎಳೆದು ನೋಡಿ. ಅದು ಪಶ್ಚಿಮದಿಂದ ಸುಮಾರು 24 ಡಿಗ್ರಿ ಉತ್ತರಕ್ಕೆ ವಾಲುತ್ತದೆ. 18ನೇ ಅಕ್ಷಾಂಶದ ಈ ಸೀಮೆಯಲ್ಲಿ ಜೂನ್ 21ರ ಆಸುಪಾಸು ಹೊತ್ತು ಮುಳುಗುವುದೂ ಹೆಚ್ಚುಕಡಿಮೆ ಅದೇ ದಿಕ್ಕಿಗೆ. ಗೆರೆಯನ್ನು ಹಿಂದಕ್ಕೆ ಎಳೆದರೆ ಡಿಸೆಂಬರ್ 21ರ ಸೂರ್ಯೋದಯ ಸಿಗುತ್ತದೆ. ರಸ್ತೆ ಅಲ್ಲಲ್ಲಿ ಹೊರಳುತ್ತದೆ, ನಿಜ. ಆದರೂ ಥಂಡಿಗಾಲದ ಮುಂಜಾನೆ ಭಾಲ್ಕಿಯಿಂದ ಬೀದರ್ ಕಡೆ ಸೈಕಲ್ ತುಳಿಯುವವರಿಗೆ ಬಿಸಿಲು ನೇರ ಮುಖಕ್ಕೆ ಹೊಡೆಯುತ್ತದೆ. ಬೇಸಿಗೆಯ ಸಂಜೆ ಬೀದರ್‌ನಿಂದ ಭಾಲ್ಕಿಗೆ ಹೊರಟವರಿಗೂ ಅದೇ ಗತಿ. ನಡುವೆ ಹಲಬರ್ಗಾ.

ಸೈಕಲ್ ಸವಾರರು ಚಸ್ಮಾ ಆರಿಸುವ ಕೆಲಸವನ್ನು ಅಂಗಡಿಯ ಕನ್ನಡಿಯ ಮುಂದೆ ಶುರು ಮಾಡುತ್ತಾರೆ. ತಾವು ಓಡಾಡುವ ರಸ್ತೆಯಲ್ಲಿ ಕಣ್ಣಿಗೆ ಯಾವ ತಿಂಗಳು ಏನು ಎದುರಾಗುತ್ತದೆ ಎಂದು ನೋಡಿಕೊಂಡ ಮೇಲೆ ಶುರು ಮಾಡುವುದು ವಾಸಿ. ಕೆಳಗಿನವು ಹಾಗೆ ನೋಡುತ್ತ ಬರೆದಿಟ್ಟ ಟಿಪ್ಪಣಿಗಳು.

ಥಂಡಿಗಾಲ, ಮುಂಜಾನೆ

ಹೊತ್ತು ಮೂಡುವಾಗ ಸಣ್ಣ ಕಳ್ಳಿಪೀರಗಳು ಕರೆಂಟಿನ ತಂತಿಯ ಮೇಲೆ ಒತ್ತೊತ್ತಾಗಿ ಕುಳಿತಿರುತ್ತವೆ. ರೆಕ್ಕೆಪುಕ್ಕ ಉಬ್ಬಿಸಿಕೊಂಡು ಬಿಸಿಲಿಗೆ ಕಾಯುತ್ತವೆ. ಬೇಟೆಗೆ ಅವಸರವಿಲ್ಲ, ಏಕೆಂದರೆ ಬೇಟೆಯಾಗಬೇಕಾದ ಹುಳಗಳೂ ಇನ್ನೂ ಮರಗಟ್ಟಿವೆ. ಗಾಳಿ ಬೆಚ್ಚಗಾಗುತ್ತಿದ್ದಂತೆ ಒಂದೊಂದೇ ಹಕ್ಕಿ ತಂತಿ ಬಿಟ್ಟು ಜಿಗಿದು ಹುಳ ಹಿಡಿದು ಮತ್ತೆ ಅಲ್ಲೇ ಬಂದು ಕೂರುತ್ತದೆ. ಸವಾರರು ಇದನ್ನು ಗಮನಿಸಬೇಕು. ಕಳ್ಳಿಪೀರ ಎದ್ದಿತು ಎಂದರೆ ಗಾಳಿಯಲ್ಲಿ ಹುಳ ಎದ್ದಿದೆ. ನಮ್ಮ ಕಣ್ಣಿಗೆ ಹುಳ ಬೀಳುವ ಹೊತ್ತೂ ಅದೇ.

ಗಂಟೆಗೆ 27 ಕಿಲೋಮೀಟರ್ ವೇಗದಲ್ಲಿ ಸೈಕಲ್ಲು ಸೆಕೆಂಡಿಗೆ ಏಳೂವರೆ ಮೀಟರ್ ಸಾಗುತ್ತದೆ. ಒಂದು ಸಲ ರೆಪ್ಪೆ ಬಡಿಯುವಷ್ಟರಲ್ಲೇ ಎರಡು ಮೀಟರ್ ದಾಟಿರುತ್ತದೆ. ಗುಂಗಾಡಿಯೊಂದು ಕಣ್ಣೊಳಗೆ ಹೊಕ್ಕು ನಾಲ್ಕು ಸೆಕೆಂಡ್ ಕಣ್ಣು ಬಿಡಲಾಗಲಿಲ್ಲ ಎಂದರೆ 30 ಮೀಟರ್ ಕುರುಡು ಸವಾರಿ. ಅದೇ ತಂತಿಯ ಮೇಲಿನ ಕಾಜಾಣ ಇದಕ್ಕಿಂತ ಜೋರಾಗಿ ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ, ಆದರೆ ಹಕ್ಕಿಗಳಿಗೆ ಮೂರನೆಯದೊಂದು ರೆಪ್ಪೆ ಇದೆ. ತೆಳುವಾದ ಆ ಪೊರೆ ಕಣ್ಣಿನ ಒಳಮೂಲೆಯಿಂದ ಅಡ್ಡಲಾಗಿ ಸರಿದು ಗುಡ್ಡೆಯನ್ನು ಒರೆಸಿ ಹಿಂದಕ್ಕೆ ಹೋಗುತ್ತದೆ. ಮನುಷ್ಯನಲ್ಲಿ ಅದರ ಕುರುಹಾಗಿ ಮೂಗಿನ ಪಕ್ಕದ ಕಣ್ಣಮೂಲೆಯಲ್ಲಿ ಕೆಂಪನೆಯ ಸಣ್ಣ ಮಡಿಕೆಯಷ್ಟೇ ಉಳಿದಿದೆ. ಸವಾರರ ಚಸ್ಮಾದ ಮೊದಲ ಕೆಲಸ ಈ ಕೊರತೆಯನ್ನು ತುಂಬುವುದು, ಬಿಸಿಲಿನ ಮಾತು ಆಮೇಲೆ.

ಹಲಬರ್ಗಾದ ಚಹಾ ಅಂಗಡಿಯಲ್ಲಿ ಹಿರಿಯರೊಬ್ಬರು ಕೇಳಿದರು: “ಯಾಕ್ರಿ ಸರ, ಕಣ್ಣ ಬಂದಾವೇನು?”

“ಇಲ್ರಿ ಕಾಕಾ, ಹುಳ ಬೀಳ್ತಾವಂತ ಹಾಕ್ಕೊಂಡೀನಿ.”

“ಹಂಗಾದ್ರ ಬಿಳೀದು ಹಾಕ್ಕೋರಿ. ಇಷ್ಟ್ ಮುಂಜಾನಿ ಕಪ್ಪಂದು ಯಾಕ?”

ಕಾಕಾ ಹೇಳಿದ್ದು ಸರಿ. ಗಾಜು ಎಷ್ಟು ಬೆಳಕು ಒಳಬಿಡುತ್ತದೆ ಎಂಬುದರ ಮೇಲೆ ತಂಪು ಕನ್ನಡಕಗಳನ್ನು 0ರಿಂದ 4ರವರೆಗೆ ಐದು ವರ್ಗ ಮಾಡಿದ್ದಾರೆ. 0 ವರ್ಗದ್ದು ಶೇ 80ಕ್ಕಿಂತ ಹೆಚ್ಚು ಬೆಳಕು ಬಿಡುತ್ತದೆ. 1ರದ್ದು ಶೇ 43ರಿಂದ 80, 2ರದ್ದು ಶೇ 18ರಿಂದ 43, 3ರದ್ದು ಶೇ 8ರಿಂದ 18. 4ನೇ ವರ್ಗದ್ದು ಶೇ 3ರಿಂದ 8 ಮಾತ್ರ. ಅದು ಹಿಮಪರ್ವತಕ್ಕೆ ಆದೀತು, ರಸ್ತೆಯ ಮೇಲೆ ವಾಹನ ನಡೆಸುವವರಿಗೆ ಸಲ್ಲದು. ನಸುಕಿಗೂ ಮುಸ್ಸಂಜೆಗೂ 0 ವರ್ಗದ ಬಿಳಿ ಗಾಜೇ ಸರಿ.

ಥಂಡಿಯಲ್ಲಿ ಇನ್ನೊಂದು ಕಾಟವಿದೆ. ಸೈಕಲ್ ನಿಲ್ಲಿಸಿದೊಡನೆ ಮುಖದ ಬಿಸಿ ಆವಿ ತಣ್ಣನೆಯ ಗಾಜಿಗೆ ತಾಗಿ ಒಳಮೈ ಮಬ್ಬಾಗುತ್ತದೆ. ಗಾಜಿನ ಮೇಲಂಚಿನಲ್ಲೋ ಬದಿಯಲ್ಲೋ ಗಾಳಿಯಾಡುವ ಸೀಳುಗಳಿದ್ದರೆ ನಾಲ್ಕು ತುಳಿತಕ್ಕೆ ಮಬ್ಬು ಹರಿಯುತ್ತದೆ.

ರಾಶಿಯ ದಿನಗಳು

ಅಕ್ಟೋಬರಿನಲ್ಲಿ ಸೋಯಾ, ಡಿಸೆಂಬರ್-ಜನವರಿಯಲ್ಲಿ ತೊಗರಿ, ಆಮೇಲೆ ಬಿಳಿಜೋಳ. ರಾಶಿ ಯಂತ್ರಗಳು ರಸ್ತೆ ಬದಿಗೇ ನಿಂತು ಹೊಟ್ಟು ತೂರುತ್ತವೆ. ಕಬ್ಬಿನ ಗಾಡಿಗಳಿಂದ ರವದಿ ಹಾರುತ್ತದೆ. ಬೀದರ್ ಸುತ್ತ ಕೆಂಪು ಜಂಬಿಟ್ಟಿಗೆಯ ಪುಡಿ, ಭಾಲ್ಕಿ-ಔರಾದ್ ಕಡೆ ಎರೆಮಣ್ಣಿನ ಧೂಳು. ಮಳೆ ನಿಂತ ಮೇಲೆ ರಸ್ತೆಯಂಚಿನಲ್ಲಿ ಕಾಂಗ್ರೆಸ್ ಕಸದ ಬಿಳಿ ಹೂವು. ಇವೆಲ್ಲ ಎದುರಿನಿಂದಷ್ಟೇ ಬರುವುದಿಲ್ಲ. ಲಾರಿ ಪಕ್ಕದಲ್ಲಿ ಹಾದಾಗ ಸುಳಿ ಎದ್ದು ಬದಿಯಿಂದಲೂ ಕೆಳಗಿನಿಂದಲೂ ನುಗ್ಗುತ್ತವೆ. ಸಾಮಾನ್ಯ ತಂಪು ಕನ್ನಡಕದ ಚಪ್ಪಟೆ ಗಾಜು ಇಲ್ಲಿ ಸೋಲುತ್ತದೆ. ಕೆನ್ನೆಯ ಬಾಗಿಗೆ ತಕ್ಕಂತೆ ಬಾಗಿ ಕಣತಲೆಯವರೆಗೆ ಸುತ್ತಿಬರುವ ಗಾಜು ಬೇಕು. ಅಮೆರಿಕದ ಸೈಕಲ್ ಪಟು ಗ್ರೆಗ್ ಲೆಮಾಂಡ್ 1980ರ ದಶಕದ ನಡುವಿನಲ್ಲಿ ಟೂರ್ ಡಿ ಫ್ರಾನ್ಸ್‌ಗೆ ಓಕ್ಲಿ ಕಂಪನಿಯ ಅಗಲವಾದ ಗಾಜು ತೊಟ್ಟು ಬಂದಾಗ ನೋಡಿದವರಿಗೆ ಅದು ವಿಚಿತ್ರವಾಗಿ ಕಂಡಿತ್ತು. ಇಂದು ರೇಸಿನ ಸವಾರರಲ್ಲಿ ಆ ಆಕಾರವೇ ವಾಡಿಕೆ.

ಗಾಜು ಎನ್ನುತ್ತೇವಾದರೂ ಅದು ಗಾಜಾಗಿರಕೂಡದು. ಟೈರಿನಡಿಯಿಂದ ಸಿಡಿದ ಕಂಕರಿಗೆ ನಿಜವಾದ ಗಾಜು ಒಡೆದು ಕಣ್ಣಿಗೇ ಚುಚ್ಚುತ್ತದೆ. ಪಾಲಿಕಾರ್ಬೊನೇಟ್ ಹಾಗೆ ಒಡೆಯುವುದಿಲ್ಲ. ಗೀರು ಮಾತ್ರ ಬೇಗ ಬೀಳುತ್ತದೆ. ಧೂಳು ಕೂತಾಗ ಅಂಗಿಯ ಚುಂಗಿನಿಂದ ಉಜ್ಜದೆ ಮೊದಲು ನೀರು ಹಾಕಿ ತೊಳೆಯಬೇಕು.

ಬೇಸಿಗೆ

ಮೇ ಎರಡನೆಯ ವಾರದಲ್ಲೊಮ್ಮೆ, ಆಗಸ್ಟ್ ಆರಂಭದಲ್ಲೊಮ್ಮೆ ನಡುಹಗಲಿನ ಸೂರ್ಯ ಬೀದರಿನ ನೆತ್ತಿಯ ಮೇಲೇ ಬರುತ್ತಾನೆ. ನೆಟ್ಟಗೆ ನಿಂತ ಕಂಬಕ್ಕೆ ನೆರಳಿರುವುದಿಲ್ಲ. ಆಗ ಬೆಳಕು ಹುಬ್ಬಿಗೂ ಚಸ್ಮಾದ ಮೇಲಂಚಿಗೂ ನಡುವಿನ ಸಂದಿಯಿಂದ ಇಳಿಯುತ್ತದೆ. ಗಾಜು ಎಷ್ಟೇ ಕಪ್ಪಗಿರಲಿ, ಆ ಸಂದಿ ದೊಡ್ಡದಿದ್ದರೆ ಪ್ರಯೋಜನ ಕಡಿಮೆ.

ಕಪ್ಪು ಗಾಜನ್ನೇ ರಕ್ಷಣೆ ಎಂದು ತಿಳಿಯುವುದೂ ತಪ್ಪು. ಬಿಸಿಲಿನ ಅತಿನೇರಳೆ ಕಿರಣ ಕಣ್ಣಿಗೆ ಕಾಣುವುದಿಲ್ಲ. ಅದನ್ನು ತಡೆಯುವ ಗುಣಕ್ಕೂ ಗಾಜಿನ ಬಣ್ಣಕ್ಕೂ ಸಂಬಂಧವಿಲ್ಲ. ಆ ಗುಣವಿಲ್ಲದ ಕಪ್ಪು ಗಾಜಿನ ಹಿಂದೆ ಕಣ್ಣಿನ ಪಾಪೆ ಕತ್ತಲೆಂದು ಅರಳಿಕೊಳ್ಳುತ್ತದೆ, ಕಿರಣ ಇನ್ನಷ್ಟು ಒಳಹೋಗುತ್ತದೆ. 400 ನ್ಯಾನೋಮೀಟರ್‌ವರೆಗಿನ ಕಿರಣ ತಡೆಯುವ ಯುವಿ 400 ಗುರುತಿದ್ದರೆ ಬಿಳಿ ಗಾಜೂ ಕಣ್ಣು ಕಾಯುತ್ತದೆ. ವರ್ಷಗಟ್ಟಲೆ ಬಿಸಿಲು-ಧೂಳಿನಲ್ಲಿ ದುಡಿದವರ ಕಣ್ಣಿನ ಬಿಳಿಭಾಗದಿಂದ ಕರಿಗುಡ್ಡೆಯ ಮೇಲೆ ಏರುವ ಮಾಂಸದ ಪೊರೆಯನ್ನು ನಮ್ಮ ಹಳ್ಳಿಗಳಲ್ಲಿ ಎಲ್ಲರೂ ಕಂಡಿದ್ದಾರೆ. ವೈದ್ಯರು ಅದಕ್ಕೆ ಟೆರಿಜಿಯಂ ಎನ್ನುತ್ತಾರೆ. ಅತಿನೇರಳೆ ಕಿರಣ ಅದರ ಮುಖ್ಯ ಕಾರಣಗಳಲ್ಲೊಂದು.

ಬೀದರ್ ಸೀಮೆಯ ಕುರುಚಲು ಬಯಲುಗಳಲ್ಲಿ ಮೇಯುವ ಕೃಷ್ಣಮೃಗದ ಕಣ್ಣಿನ ಪಾಪೆ ಅಡ್ಡಗೆರೆಯಂತೆ ಇರುತ್ತದೆ. ಮೇಲಿನಿಂದ ಬರುವ ಬಿಸಿಲನ್ನು ಅದು ತಗ್ಗಿಸುತ್ತದೆ, ನೆಲದಂಚಿನ ನೋಟವನ್ನು ಎಡಬಲಕ್ಕೆ ಹಿಗ್ಗಿಸುತ್ತದೆ. ಕಣ್ಣಿನ ಬಳಿ ಕಪ್ಪು ಪಟ್ಟಿಯಿರುವ ಕಳಿಂಗ ಹಕ್ಕಿಯದು ಬೇರೆ ಉಪಾಯ. 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆ ಪಟ್ಟಿಗೆ ಬಿಳಿ ಬಣ್ಣ ಬಳಿದು ನೋಡಿದರು. ಹಕ್ಕಿಗಳು ಸೂರ್ಯನಿಗೆ ಎದುರಾಗಿ ಬೇಟೆಯಾಡುವುದು ಕಡಿಮೆಯಾಯಿತು. ಕಣ್ಣು ಕುಕ್ಕುವ ಬೆಳಕನ್ನು ತಗ್ಗಿಸುವುದು ಆ ಕಪ್ಪೇ ಇರಬೇಕು. ಎರಡರಿಂದಲೂ ಸವಾರರು ಕಲಿಯಬೇಕಾದ್ದು ಒಂದೇ: ಮೇಲಿನ ಬೆಳಕಿಗೆ ತಡೆ ಇರಲಿ, ಬದಿಯ ನೋಟಕ್ಕೆ ಅಡ್ಡಿ ಬೇಡ. ದಪ್ಪ ಕಡ್ಡಿಯ ಚಸ್ಮಾ ಹಾಕಿದರೆ ಬದಿಯಿಂದ ನುಗ್ಗುವ ನಾಯಿ, ಎಮ್ಮೆ, ಟಂಟಂ ಯಾವುದೂ ತಟ್ಟನೆ ಕಾಣುವುದಿಲ್ಲ.

ಬೇವು, ಹುಣಸೆಗಳ ನೆರಳು ರಸ್ತೆಗೆ ಬಿದ್ದಲ್ಲಿ ಇನ್ನೊಂದು ಪರೀಕ್ಷೆ. ಉರಿಬಿಸಿಲಿನಿಂದ ನೆರಳಿಗೆ ಹೊಕ್ಕಾಗ ಕಣ್ಣು ಪೂರ್ತಿ ಹೊಂದಿಕೊಳ್ಳಲು ನಿಮಿಷಗಳೇ ಬೇಕು, ನೆರಳು ದಾಟಲು ಕೆಲವೇ ಸೆಕೆಂಡು. ರಸ್ತೆಯ ತಗ್ಗು ಇರುವುದು ಆ ನೆರಳಿನಲ್ಲೇ. ಬಿಸಿಲಿಗೆ ತಾನೇ ಕಪ್ಪಾಗುವ ಫೋಟೋಕ್ರೋಮಿಕ್ ಗಾಜು ಇದಕ್ಕೆ ಪರಿಹಾರವಲ್ಲ. ಅದು ತಿಳಿಯಾಗಲೂ ನಿಮಿಷಗಳು ಬೇಕು. ಸಾಲದ್ದಕ್ಕೆ ಸೆಕೆ ಹೆಚ್ಚಿದಷ್ಟೂ ಅದು ಕಪ್ಪಾಗುವುದೇ ಕಡಿಮೆ. ಬೀದರಿನ ಏಪ್ರಿಲ್‌ಗಿಂತ ಥಂಡಿ ದಿನಗಳಿಗೇ ಅದು ಹೆಚ್ಚು ಒಗ್ಗುತ್ತದೆ.

ಬಣ್ಣದ ವಿಚಾರದಲ್ಲಿ ಹಕ್ಕಿ ನೋಡುವವರಿಗೂ ಸವಾರರಿಗೂ ಜಗಳ. ಕಂದು ಗಾಜು ನೀಲಿ ಬೆಳಕನ್ನು ಕತ್ತರಿಸಿ ಡಾಂಬರಿನ ಏರುತಗ್ಗುಗಳನ್ನು ಎತ್ತಿ ತೋರಿಸುತ್ತದೆ. ಅದೇ ಕಾರಣಕ್ಕೆ ನೀಲಕಂಠ ರೆಕ್ಕೆ ಬಿಚ್ಚಿದಾಗ ಅದರ ನೀಲಿ ಮಂಕಾಗಿ ಕಾಣುತ್ತದೆ. ಬೂದು ಗಾಜು ಬಣ್ಣಗಳನ್ನು ಇದ್ದಂತೆ ಬಿಡುತ್ತದೆ, ತಗ್ಗುಗಳನ್ನು ಎತ್ತಿ ತೋರಿಸುವುದಿಲ್ಲ. ನನ್ನ ಆಯ್ಕೆ ಕಂದು. ಹಕ್ಕಿ ನೋಡಬೇಕೆನಿಸಿದರೆ ಸೈಕಲ್ ನಿಲ್ಲಿಸಿ ಚಸ್ಮಾ ತೆಗೆದರಾಯಿತು.

ಮಳೆಗಾಲ

ಕಾರಂಜಾ ಜಲಾಶಯದ ದಂಡೆಯಲ್ಲಿ ಪೋಲರಾಯ್ಡ್ ಗಾಜು ಚಮತ್ಕಾರ ಮಾಡುತ್ತದೆ. ನೀರಿನ ಮೇಲ್ಮೈಯಿಂದ ಪುಟಿದ ಹೊಳಪನ್ನು ಅಳಿಸಿ ಒಳಗಿನ ಮೀನು, ಪಾಚಿಗಳನ್ನು ತೋರಿಸುತ್ತದೆ. ಒದ್ದೆ ರಸ್ತೆಯ ಹೊಳಪನ್ನೂ ಹಾಗೆಯೇ ಅಳಿಸುತ್ತದೆ. ಆದರೆ ಮುಂದಿನ ತಿರುವಿನಲ್ಲಿ ನೀರು ನಿಂತಿದೆಯೋ, ಎಣ್ಣೆ ಚೆಲ್ಲಿದೆಯೋ ಎಂದು ಹೇಳುವುದು ಆ ಹೊಳಪೇ. ಹ್ಯಾಂಡಲ್ ಮೇಲಿನ ವೇಗಮಾಪಕದ ಪರದೆ ಕೆಲವು ಕೋನಗಳಲ್ಲಿ ಕಪ್ಪಾಗುವುದೂ ಉಂಟು. ಕೆರೆಗೆ ಹೋಗುವವರು ಕೊಳ್ಳಲಿ, ರಸ್ತೆಯವರಿಗೆ ಅದರ ಅಗತ್ಯವಿಲ್ಲ. ತೆಳುಮೋಡದ ದಿನ ಚಸ್ಮಾ ಮನೆಯಲ್ಲಿ ಬಿಡುವುದೂ ಬೇಡ. ಅತಿನೇರಳೆ ಕಿರಣದ ಬಹುಪಾಲು ಅಂಥ ಮೋಡವನ್ನು ದಾಟಿ ಬರುತ್ತದೆ.

ಅಂಗಡಿಯಲ್ಲಿ

ಹೆಲ್ಮೆಟ್ ಜೊತೆಗೇ ಒಯ್ಯಿರಿ. ಚಸ್ಮಾ ಹಾಕಿ, ಹ್ಯಾಂಡಲ್ ಹಿಡಿದಂತೆ ಬಾಗಿ, ಹುಬ್ಬು ಎತ್ತಿ ಮುಂದೆ ನೋಡಿ. ಮೇಲಿನ ಕಡ್ಡಿ ನೋಟಕ್ಕೆ ಅಡ್ಡ ಬಂದರೆ ಅದನ್ನು ಬಿಡಿ. ರೆಪ್ಪೆಕೂದಲು ಗಾಜಿಗೆ ತಾಗಬಾರದು, ತಲೆ ಕೊಡವಿದರೆ ಜಾರಬಾರದು. ಮೂಗಿನ ಮೇಲಿನ ರಬ್ಬರು ಬೆವರಿನಲ್ಲೂ ಹಿಡಿತ ಬಿಡದಂಥದ್ದಿರಲಿ. ಗಾಜನ್ನು ಕೈಯಳತೆ ದೂರ ಹಿಡಿದು ಬಾಗಿಲ ಚೌಕಟ್ಟನ್ನು ನೋಡುತ್ತ ನಿಧಾನ ಅಲ್ಲಾಡಿಸಿ. ನೇರ ಗೆರೆ ಡೊಂಕಾದರೆ ಆ ಗಾಜು ತಲೆನೋವು ತರುತ್ತದೆ. ನಂಬರ್ ಚಸ್ಮಾದವರು ಒಳಗೆ ನಂಬರಿನ ಗಾಜು ಕೂರಿಸುವ ಅನುಕೂಲವಿದೆಯೇ ಎಂದು ಕೇಳಲಿ.

ಒಟ್ಟಿನಲ್ಲಿ ಈ ರಸ್ತೆಗೆ ನನ್ನ ತೀರ್ಮಾನ: ಗಾಜು ಬದಲಿಸಬಹುದಾದ ಒಂದೇ ಚೌಕಟ್ಟು, ಅದಕ್ಕೆ ಯುವಿ 400 ಗುರುತಿನ ಎರಡು ಪಾಲಿಕಾರ್ಬೊನೇಟ್ ಗಾಜು. ಒಂದು ಬಿಳಿ, ಇನ್ನೊಂದು 2ನೇ ವರ್ಗದ ಕಂದು. ದಿನವೂ ನಡುಹಗಲಿನಲ್ಲೇ ಓಡಾಡುವವರು ಕಂದು ಗಾಜನ್ನು 3ನೇ ವರ್ಗದ್ದು ಕೊಳ್ಳಲಿ.

ಇಷ್ಟೆಲ್ಲ ಎಚ್ಚರ ಸೈಕಲ್ ಹವ್ಯಾಸದವರಿಗಷ್ಟೇ ಮೀಸಲಾಗಬಾರದು. ಹೊಟ್ಟಿನ ಚೂರು, ರವದಿಯ ಅಲಗು ತಾಗಿ ಕರಿಗುಡ್ಡೆ ಗೀರಿದರೆ ಅಲ್ಲಿ ಶಿಲೀಂಧ್ರ ಬೇರೂರಿ ಕಣ್ಣೇ ಹೋಗಬಹುದು. ನಮ್ಮ ದೇಶದ ಹೊಲಗೆಲಸದವರಲ್ಲಿ ಕಣ್ಣಿನ ಹುಣ್ಣಿಗೆ ಇದು ದೊಡ್ಡ ಕಾರಣ. ನೀವು ಚಸ್ಮಾ ಕೊಳ್ಳಲು ಹೋದಾಗ, ನಿಮ್ಮ ಹೊಲದಲ್ಲಿ ರಾಶಿ ಯಂತ್ರದ ಮುಂದೆ ನಿಲ್ಲುವವರಿಗೂ ಪಾಲಿಕಾರ್ಬೊನೇಟಿನ ಒಂದು ಬಿಳಿ ಚಸ್ಮಾ ತನ್ನಿ.